ಕರೆದವರೇ ಕಳಿಸಬೇಕು

ನಾನು ಮದುವೆಯಾಗಿ ಬಂದ ಮನೆಯಲ್ಲಿ ಕಿಟಕಿಯ ಪಕ್ಕ ಒಂದು ಮರದ ಬೆಂಚಿತ್ತು. ಆ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿದ್ದಳು. ಕಣ್ಣಿಗೆ ಕಾಣುತ್ತಿರಲಿಲ್ಲ. ಕೂರಲು ಹೋದರೆ ತೊಡೆಗೆ ತೊಡೆ ತಾಗುತ್ತಿತ್ತು, ಸಂಪಿಗೆಯ ವಾಸನೆ ಬರುತ್ತಿತ್ತು, ಕಾಲು ಅಲ್ಲಾಡಿಸುತ್ತಿದ್ದಳೋ ಏನೋ, ಗೆಜ್ಜೆ ಮೆಲ್ಲಗೆ ಘಲ್ ಎನ್ನುತ್ತಿತ್ತು. ಬೇರೆ ಊರಿನವರಾಗಿದ್ದರೆ ದೆವ್ವವೆಂದು ಹೆದರಿ ಮಂತ್ರವಾದಿಯನ್ನು ಕರೆಸುತ್ತಿದ್ದರು. ನಮ್ಮೂರಿನಲ್ಲಿ ಅದಕ್ಕೆ ಉಳಿಕೆ ಎನ್ನುತ್ತಾರೆ. ನನಗೆ ಹೆದರಿಕೆಯೇನೂ ಆಗಲಿಲ್ಲ. ಹೊಟ್ಟೆ ಉರಿಯಿತು.

ನಮ್ಮೂರಿನಲ್ಲಿ ಬಂದವರನ್ನು ಸರಿಯಾಗಿ ಕಳಿಸದಿದ್ದರೆ ಅವರು ಪೂರ್ತಿ ಹೋಗುವುದಿಲ್ಲ. ಬಾಗಿಲನ್ನು ಅಗಲಕ್ಕೆ ತೆಗೆದು, ಚೌಕಟ್ಟಿನ ಮೇಲೆ ಕೈಯಿಟ್ಟು, ಹೆಸರು ಹಿಡಿದು ಹೋಗಿ ಬನ್ನಿ ಎನ್ನಬೇಕು. ಎನ್ನದೆ ಬಿಟ್ಟರೆ ಬಂದ ಮನುಷ್ಯ ತನ್ನ ಪಾಡಿಗೆ ಮನೆ ಸೇರಿ ಉಂಡು ಮಲಗುತ್ತಾನೆ, ಆದರೆ ಅವನು ಕೂತಿದ್ದ ಜಾಗದಲ್ಲಿ ಅವನಷ್ಟೇ ಗಾತ್ರದ ಉಳಿಕೆಯೊಂದು ಕೂತೇ ಇರುತ್ತದೆ. ಅದು ಊಟ ಕೇಳುವುದಿಲ್ಲ, ಮಾತಾಡುವುದಿಲ್ಲ, ಜಾಗ ಮಾತ್ರ ಬಿಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಅಕ್ಕಪಕ್ಕದವರು ಕೈ ಕೈ ಮಿಲಾಯಿಸುವಷ್ಟು ಜಗಳವಾಡಿದರೂ ಕೊನೆಗೆ ಬಾಗಿಲ ತನಕ ಬಂದು, ಹಲ್ಲು ಕಡಿಯುತ್ತಲೇ ಹೋಗಿ ಬನ್ನಿ ಎಂದು ಕಳಿಸುತ್ತಾರೆ. ಮದುವೆ ಮುಗಿದ ಮೇಲೆ ಹೆಣ್ಣಿನ ಅಪ್ಪ ಛತ್ರದ ಬಾಗಿಲಲ್ಲಿ ನಿಂತು ಊರಿನವರ ಹೆಸರನ್ನೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಳ್ಳುತ್ತಾನೆ. ಆ ಗಂಟಲು ಸರಿಹೋಗುವ ತನಕ ಬೀಗರು ಅವನ ಮೇಲೆ ಜಗಳ ತೆಗೆಯುವುದಿಲ್ಲ.

ಕರೆದವರೇ ಕಳಿಸಬೇಕು, ಅದೊಂದು ಕಟ್ಟು. ನೀವು ಕರೆದವರನ್ನು ನಾನು ಎಷ್ಟು ಸಲ ಕಳಿಸಿದರೂ ಉಪಯೋಗವಿಲ್ಲ. ಕರೆದ ಹೆಸರಿನಿಂದಲೇ ಕಳಿಸಬೇಕು, ಅದಿನ್ನೊಂದು. ಪುಟ್ಟಿ ಎಂದು ಕರೆದವಳನ್ನು ಪ್ರೇಮಕುಮಾರಿ ಎಂದು ಕಳಿಸಿದರೆ ಪುಟ್ಟಿ ಕೂತಲ್ಲೇ ಇರುತ್ತಾಳೆ. ಇವೆರಡೂ ತಪ್ಪಿದರೆ ಉಳಿದಿರುವ ದಾರಿ ಒಂದೇ, ಹೋದ ಮನುಷ್ಯ ತಾನೇ ಮರಳಿ ಬಂದು ತನ್ನ ಉಳಿಕೆಯ ಮೇಲೆ ಕೂರಬೇಕು. ನನ್ನ ಶಾಲೆಯ ಡ್ರಿಲ್ ಮೇಷ್ಟ್ರು ವರ್ಗವಾಗಿ ಹೋದಾಗ ಹೆಡ್‌ಮೇಷ್ಟ್ರು ಸಿಟ್ಟಿನಲ್ಲಿ ಅವರನ್ನು ಕಳಿಸಿಕೊಡಲಿಲ್ಲ. ಸ್ಟಾಫ್ ರೂಮಿನ ಒಳ್ಳೆಯ ಕುರ್ಚಿಯೊಂದು ಅವರ ಉಳಿಕೆಯಿಂದಾಗಿ ಯಾರಿಗೂ ದಕ್ಕದೆ ವರ್ಷಗಟ್ಟಲೆ ಹಾಗೇ ಇತ್ತು. ಒಂದು ರಜೆಯಲ್ಲಿ ಮೇಷ್ಟ್ರು ಊರಿಗೆ ಬಂದವರು ಅದರ ಮೇಲೆ ಕೂತರು. ನೀರಿಗೆ ನೀರು ಸೇರಿದ ಹಾಗೆ ಸೇರಿಕೊಂಡಿತು. ಅವರು ಎದ್ದ ಮೇಲೆ ಕುರ್ಚಿ ಬರೀ ಕುರ್ಚಿಯಾಗಿತ್ತು.

ನನ್ನ ಗಂಡ ಚಂದ್ರಹಾಸನಿಗೆ ಬೇಕರಿ. ಬೆಳಿಗ್ಗೆಯ ಬ್ರೆಡ್ಡು, ಮಧ್ಯಾಹ್ನದ ಬನ್ನು, ಸಂಜೆಯ ಬೆಣ್ಣೆ ಬಿಸ್ಕತ್ತು, ಹೀಗೆ ಅವರ ಬದುಕು. ಮಾತು ಕಡಿಮೆ. ಮದುವೆಗೆ ಮುಂಚೆಯೇ ಅವರಾಗಿಯೇ ಹೇಳಿದ್ದರು: ಅಚಲಾ ಅಂತ ಒಬ್ಬಳಿದ್ದಳು, ಮದುವೆಯಾಗಬೇಕೆಂದಿದ್ದೆವು, ಅವಳ ಮನೆಯವರು ಬೇರೆ ಊರು ಸೇರಿದರು, ಅಲ್ಲಿಗೆ ಮುಗಿಯಿತು, ನಾನೇ ಬಾಗಿಲಲ್ಲಿ ನಿಂತು ಕಳಿಸಿದೆ. ನಾನು ದೊಡ್ಡ ಮನಸ್ಸಿನವಳ ಹಾಗೆ ತಲೆಯಾಡಿಸಿದೆ. ದೊಡ್ಡ ಮನಸ್ಸು ಮದುವೆಯಾದ ಮೊದಲ ತಿಂಗಳಲ್ಲೇ ಮುಗಿದುಹೋಯಿತು. ಒಂದು ಸಂಜೆ ಸುಮ್ಮನೆ ಮಾತಿಗೆಂಬಂತೆ, ಅವಳು ಮನೆಗೆ ಬಂದಾಗ ಎಲ್ಲಿ ಕೂರುತ್ತಿದ್ದಳು ಎಂದು ಕೇಳಿದೆ. ಕಿಟಕಿಯ ಪಕ್ಕದ ಬೆಂಚು ತೋರಿಸಿ, ಅಲ್ಲೇ ಕೂತು ಕಡಲೆಕಾಯಿ ಸುಲಿದು ಸಿಪ್ಪೆಯನ್ನೆಲ್ಲ ಕೆಳಗೆ ಹಾಕುತ್ತಿದ್ದಳು ಎಂದರು. ಹೇಳುವಾಗ ಒಂದು ಸಣ್ಣ ನಗೆ ನಕ್ಕರು. ಆ ನಗೆ ನನಗೆ ಅರಗಲಿಲ್ಲ.

ಸಿಪ್ಪೆ ಹಾಕುವವಳನ್ನು ನೆನೆದು ಯಾರಾದರೂ ಹಾಗೆ ನಗುತ್ತಾರೆಯೇ? ನಾನು ಇಡೀ ಮನೆ ಗುಡಿಸಿದರೂ ನಗದ ಮನುಷ್ಯ. ಅಂದು ಸಂಜೆ ದೀಪ ಹಚ್ಚುವಾಗ ಮನಸ್ಸಿನಲ್ಲೇ ಅವಳಿಗೊಂದು ಹೆಸರಿಟ್ಟೆ. ಯಾರ ಮುಂದೆಯೂ ಹೇಳುವಂಥ ಹೆಸರಲ್ಲ ಅದು. ಆಮೇಲೆ ಅವಳನ್ನು ನೆನೆಸಿಕೊಂಡಾಗಲೆಲ್ಲ ಅದೇ ಹೆಸರಿನಿಂದ ನೆನೆಸಿಕೊಂಡೆ. ಉದ್ದ ಇದ್ದಿರಬೇಕು. ಜಡೆ ಮೊಣಕಾಲಿಗೆ ಬರುತ್ತಿದ್ದಿರಬೇಕು. ಹೋಳಿಗೆ ತಟ್ಟಿದರೆ ಅಂಚು ಹರಿಯುತ್ತಿರಲಿಲ್ಲ. ನಕ್ಕರೆ ನನ್ನ ಹಾಗೆ ವಸಡು ಕಾಣುತ್ತಿರಲಿಲ್ಲ. ಸಂಪಿಗೆ ಮುಡಿಯುತ್ತಿದ್ದಳು, ಗೆಜ್ಜೆ ಹಾಕುತ್ತಿದ್ದಳು. ಗೆಜ್ಜೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪ ನಮ್ಮ ಅಕ್ಕನಿಗೆ ಗೆಜ್ಜೆ ತಂದವರು, ಇವಳು ಕಾಲು ಎಳೆದುಕೊಂಡು ನಡೆಯುತ್ತಾಳೆ, ಕಳೆದುಬಿಡುತ್ತಾಳೆ ಎಂದು ನನಗೆ ತಂದಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬೆಂಚಿನ ಮೇಲೆ ಕೂರಲು ಹೋದರೆ ಜಾಗವಿರಲಿಲ್ಲ.

ಬೇಕರಿಯಿಂದ ಬಂದ ಗಂಡನನ್ನು ನೇರವಾಗಿ ಬೆಂಚಿನ ಮುಂದೆ ನಿಲ್ಲಿಸಿ ಕೇಳಿದೆ. ಅವರು ಕೈ ಚಾಚಿ ಮುಟ್ಟಿ ನೋಡಿದರು. ಮುಖ ಪೆಚ್ಚಾಯಿತು. ನಾನು ಅಂದೇ ಕಳಿಸಿದ್ದೆ, ಇದು ಹೇಗೆ ಬಂತೋ ಗೊತ್ತಿಲ್ಲ ಎಂದರು. ನನ್ನ ಸಮಾಧಾನಕ್ಕೆ ಮತ್ತೊಮ್ಮೆ ಬಾಗಿಲು ತೆಗೆದು, ಚೌಕಟ್ಟಿಗೆ ಕೈಯಿಟ್ಟು, ಅಚಲಾ ಹೋಗಿ ಬಾ ಎಂದರು. ಗೆಜ್ಜೆ ಒಳಗಿನಿಂದಲೇ ಘಲ್ ಎಂದಿತು, ನನ್ನನ್ನು ನೋಡಿ ನಕ್ಕ ಹಾಗೆ. ಬಾಯಲ್ಲಿ ಹೇಳುತ್ತೀರಿ, ಮನಸ್ಸಿನಲ್ಲಿ ಹಿಡಿದುಕೊಂಡಿದ್ದೀರಿ ಎಂದೆ ನಾನು. ಅವರು ಹಿಟ್ಟು ನಾದಲು ಹೋದರು.

ಒಂದು ಉಳಿಕೆಯಾದರೆ ಹೇಗಾದರೂ ಸಹಿಸಬಹುದಿತ್ತು. ಕೆಲವು ದಿನ ಕಳೆಯುವಷ್ಟರಲ್ಲಿ ಉಯ್ಯಾಲೆಯ ಮೇಲೂ ಒಬ್ಬಳು. ಆಮೇಲೆ ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುವ ಜಾಗದಲ್ಲಿ. ಆಮೇಲೆ ಕನ್ನಡಿಯ ಮುಂದೆ. ಅಲ್ಲಿ ನಿಂತವಳಂತೂ ಸರಿಯುವುದೇ ಇಲ್ಲ, ಬೈತಲೆ ತೆಗೆಯಲು ನಾನು ಪಕ್ಕದಿಂದ ಕತ್ತು ಚಾಚಬೇಕಾಗಿತ್ತು. ಎಲ್ಲರಿಗೂ ಅದೇ ಸಂಪಿಗೆ, ಅದೇ ಗೆಜ್ಜೆ. ಗೋಡೆಗಳು ಇದ್ದಲ್ಲೇ ಇದ್ದವು, ಮನೆ ಮಾತ್ರ ದಿನಕ್ಕಿಷ್ಟು ಕಿರಿದಾಗುತ್ತಿತ್ತು. ಬಾಗಿಲಿನಿಂದ ಒಲೆಯ ತನಕ ಹೋಗಲು ಮೈಯನ್ನು ಅಡ್ಡ ಮಾಡಿಕೊಂಡು ಹೋಗುತ್ತಿದ್ದೆವು. ಕೊನೆಗೆ ಒಂದು ದಿನ ಮಂಚದ ಮೇಲೆ, ನಮ್ಮಿಬ್ಬರ ನಡುವೆಯೇ ಒಬ್ಬಳು ಬಂದು ಮಲಗಿದಳು. ಚಂದ್ರಹಾಸ ಚಾಪೆ ಸುತ್ತಿಕೊಂಡು ಬೇಕರಿಗೆ ಹೋದರು. ಅಲ್ಲಿ ಒಲೆಯ ಪಕ್ಕ ಬೆಚ್ಚಗಿರುತ್ತದೆ, ಇಲ್ಲಿ ಕಾಲು ಚಾಚಲೂ ಆಗುವುದಿಲ್ಲ ಎಂದರು. ನನಗೆ ಆ ಒಲೆಯ ಮೇಲೂ ಹೊಟ್ಟೆಕಿಚ್ಚಾಯಿತು.

ಹೊಟ್ಟೆಕಿಚ್ಚಿನವಳಿಗೆ ಕೆಲಸವಾದರೂ ಬೇರೆ ಇರಬೇಕಲ್ಲ. ನನ್ನ ಕೆಲಸ, ದೋಣಿಯ ಹೊತ್ತು, ಟಿಕೆಟ್ಟು ಎಲ್ಲ ಫೋನಿನಲ್ಲೇ ತೋರಿಸುವ ಊರಿನ ದೋಣಿ ಆಪ್ ನೋಡಿಕೊಳ್ಳುವುದು. ಛತ್ರಿ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಮತ್ತು ಸಾದಿಕ್ ಎಂಬ ಹುಡುಗ ಎದುರುಬದುರು ಕೂತು ಕೋಡ್ ಬರೆಯುತ್ತಿದ್ದೆವು. ಹುಡುಗ ಎಂದರೆ ಎರಡು ಮಕ್ಕಳ ತಂದೆ, ನನಗಿಂತ ಚಿಕ್ಕವನೆಂದು ಹಾಗೆ ಕರೆಯುತ್ತೇನೆ. ನಮ್ಮೂರನ್ನು ನದಿ ಎರಡು ಮಾಡಿದೆ. ಮೇಲ್ದಂಡೆಯವರ ಫೋನು ಒಂದು ಜಾತಿ, ಕೆಳದಂಡೆಯವರದ್ದು ಇನ್ನೊಂದು ಜಾತಿ. ಎರಡಕ್ಕೂ ಬೇರೆ ಬೇರೆ ಬರೆಯುವಷ್ಟು ಜನ ನಮ್ಮಲ್ಲಿಲ್ಲದ್ದರಿಂದ ಒಂದೇ ಸಲ ಬರೆದು ಎರಡರಲ್ಲೂ ಓಡಿಸುತ್ತಿದ್ದೆವು. ಆಪಿನಲ್ಲಿ ದೋಣಿಯ ಪರದೆ, ದಾರಿಯ ಪರದೆ, ಟಿಕೆಟ್ಟಿನ ಪರದೆ ಎಲ್ಲ ಸಾದಿಕ್‌ನದು. ನದಿಯ ನೀರು ಏರಿತೋ ಇಳಿಯಿತೋ ಎಂದು ಆಗಾಗ ಸುದ್ದಿ ಕೊಡುವ ಭಾಗ ನನ್ನದು.

ಆ ಸಮಯದಲ್ಲಿ ಅಂಬಿಗರಿಂದ ದೂರು ಬಂತು. ಮೇಲ್ದಂಡೆಯಿಂದ ಹೊರಟ ದೋಣಿ ಅಷ್ಟೇ ಜನ ಕೂತರೂ ಮೊದಲಿಗಿಂತ ಹೆಚ್ಚು ಮುಳುಗುತ್ತಿದೆ. ಹುಡುಕಿದರೆ ಕಾರಣ ಜನರ ಫೋನು. ಜೇಬು ಜೋತು ಬೀಳುವಷ್ಟು ಭಾರ. ಒಬ್ಬ ಮುದುಕಿ ತನ್ನ ಫೋನನ್ನು ಕಂಕುಳಲ್ಲಿ ಮಗುವನ್ನೆತ್ತಿದ ಹಾಗೆ ಎತ್ತಿಕೊಂಡು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದು, ಸರಿಹೋಗುವ ತನಕ ಇಲ್ಲೇ ಇರಲಿ ಎಂದು ಮೇಜಿನ ಮೇಲೆ ಇಟ್ಟಳು, ಮೇಜು ಕಿರ್ ಎಂದಿತು. ತೆಗೆದು ನೋಡಿದರೆ ಒಳಗೆ ಮುಚ್ಚಿದ ಪರದೆಗಳೆಲ್ಲ ಒಂದರ ಹಿಂದೊಂದು ನಿಂತಿವೆ. ಜನ ನೋಡಿ ಮುಚ್ಚಿದ್ದಾರೆ, ಪರದೆಗಳು ಹೋಗಿಲ್ಲ. ಕೆಳದಂಡೆಯಿಂದ ದೂರೇ ಇರಲಿಲ್ಲ. ಆ ಜಾತಿಯ ಫೋನಿಗೆ ಸಿಟ್ಟು ಹೆಚ್ಚು, ಭಾರವಾಯಿತೆಂದರೆ ಆಪನ್ನೇ ಎತ್ತಿ ಹೊರಗೆ ಹಾಕುತ್ತದೆ. ಜನ ಶಪಿಸುತ್ತ ಮತ್ತೆ ತೆರೆಯುತ್ತಾರೆ, ಅಷ್ಟೇ. ಮೇಲ್ದಂಡೆಯದು ನನ್ನ ಗಂಡನ ಹಾಗೆ, ಎಷ್ಟು ಹೇರಿದರೂ ಸುಮ್ಮನೆ ಹೊರುತ್ತದೆ.

ಪರದೆಗಳು ಸಾದಿಕ್‌ನವು, ಆದ್ದರಿಂದ ತಪ್ಪೂ ಅವನದೇ ಎಂದು ನಾನು ಮೊದಲ ದಿನವೇ ತೀರ್ಮಾನಿಸಿದೆ. ತೆರೆದವನು ಮುಚ್ಚುವಾಗ ಕಳಿಸಿಕೊಡಬೇಕೆಂಬುದು ಗೊತ್ತಿಲ್ಲವೇ, ನಿಮ್ಮ ಮನೆಯಲ್ಲಿ ಬಂದವರನ್ನು ಹೀಗೇ ಬಿಡುತ್ತೀರಾ ಎಂದು ರೇಗಿದೆ. ಅವನು ಬೇಸರ ಮಾಡಿಕೊಳ್ಳದೆ ತನ್ನ ಕೋಡನ್ನೆಲ್ಲ ತೆರೆದು ತೋರಿಸಿದ. ಪ್ರತಿ ಪರದೆಯ ಕೊನೆಯಲ್ಲೂ ಅವನು ಅಚ್ಚುಕಟ್ಟಾಗಿ ಹೋಗಿ ಬನ್ನಿ ಎಂದಿದ್ದ. ಆದರೂ ಹೋಗುತ್ತಿರಲಿಲ್ಲ. ವಾರಗಟ್ಟಲೆ ನಾನು ಅವನ ಪರದೆಗಳನ್ನೇ ಕೆದಕಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ ಅವನ ಒಂದೊಂದು ಸಾಲೂ ನನಗೆ ಅನುಮಾನದ್ದಾಗಿ ಕಂಡಿತು. ಮನೆಯಲ್ಲಿ ಗಂಡ, ಆಫೀಸಿನಲ್ಲಿ ಇವನು, ಲೋಕದಲ್ಲಿ ಯಾರಿಗೂ ಕಳಿಸಲು ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಪರದೆಗಳನ್ನು ಹೋಗಗೊಡದೆ ಹಿಡಿದುಕೊಂಡದ್ದು ಕೊನೆಗೆ ಸಿಕ್ಕಿದ್ದು ನನ್ನ ಭಾಗದಲ್ಲಿ. ಪರದೆ ತೆರೆದ ಕೂಡಲೆ ನನ್ನ ನದಿಯ ಸುದ್ದಿ ಅದರ ಕಿವಿಯನ್ನು ಹಿಡಿದುಕೊಳ್ಳುತ್ತಿತ್ತು, ಸುದ್ದಿ ಬಂದಾಗ ಹೇಳಲಿಕ್ಕೆ. ಪರದೆ ಮುಚ್ಚಿ, ಕಳಿಸಿ, ಎಲ್ಲ ಆದ ಮೇಲೂ ನನ್ನದು ಆ ಕಿವಿ ಬಿಡುತ್ತಿರಲಿಲ್ಲ. ಕಿವಿ ಹಿಡಿದವರು ಬಿಡದೆ ಕಿವಿಯಿದ್ದವರು ಹೋಗುವುದೆಲ್ಲಿಗೆ? ಬಿಡುವ ಸಾಲು ಬರೆದೆ. ಬಿಡಲಿಲ್ಲ. ಮತ್ತೆ ನೋಡಿದರೆ, ಹಿಡಿ ಎನ್ನುವಾಗ ಕೋಡಿಗೆ ಒಂದು ಕಿವಿ ಕೊಟ್ಟು, ಬಿಡು ಎನ್ನುವಾಗ ಅದರಂತೆಯೇ ಕಾಣುವ ಇನ್ನೊಂದು ಹೊಸ ಕಿವಿ ಮಾಡಿ ಕೊಟ್ಟಿದ್ದೆ. ಎಷ್ಟೇ ಹೋಲಿದರೂ ಅದು ಇದಲ್ಲ. ಮೊದಲು ಹಿಡಿದದ್ದನ್ನೇ ಜೋಪಾನವಾಗಿಟ್ಟುಕೊಂಡು ಅದನ್ನೇ ಕೊಟ್ಟು ಬಿಡಿಸಿದೆ. ಮುದುಕಿಯ ಫೋನು ಮೇಜಿನ ಮೇಲಿದ್ದ ಹಾಗೆಯೇ ಹಗುರವಾಗಿ ಮೇಲಿನ ಫ್ಯಾನಿನ ಗಾಳಿಗೆ ಸ್ವಲ್ಪ ಸರಿಯಿತು. ಸಾದಿಕ್‌ಗೆ ದೊಡ್ಡ ಗುರುವಿನ ಹಾಗೆ ವಿವರಿಸಿದೆ: ಮೊದಲು ಹಿಡಿದವರು ಯಾರು ಎಂದು ನೋಡಬೇಕು, ಹಿಡಿದಿದ್ದನ್ನೇ ಬಿಡಬೇಕು. ಅವನು ನಕ್ಕು, ಹೌದು ಮೇಡಂ ಎಂದ. ಇಷ್ಟು ಹೇಳಿ ನಾನು ಮನೆಗೆ ಹೋಗಿ, ಈಗ ಬಾಗಿಲಲ್ಲೂ ಬಂದು ನಿಂತಿದ್ದ ಇನ್ನೊಬ್ಬ ಗೆಜ್ಜೆಯವಳನ್ನು ಭುಜದಿಂದ ತಳ್ಳಿಕೊಂಡು ಒಳಗೆ ನುಗ್ಗಿ ಮತ್ತೆ ಗಂಡನನ್ನು ಬೈದುಕೊಂಡೆ. ಕಲಿತದ್ದು ತಲೆಯಿಂದ ಹೊಟ್ಟೆಗೆ ಇಳಿಯಲು ಸಮಯ ಬೇಕಾಗುತ್ತದೆ.

ಆ ವಾರ ಚಂದ್ರಹಾಸ ಸೋತ ದನಿಯಲ್ಲಿ ಹೇಳಿದರು, "ನೀಲಾ, ಮದುವೆ ಸೀಸನ್ ಮುಗೀಲಿ. ಆಮೇಲೆ ನನ್ನ ಬಟ್ಟೆನೂ ಬೇಕರಿಗೇ ತಗೊಂಡೋಗ್ತೀನಿ. ಇಲ್ಲಿ ಬೀರು ಬಾಗಿಲು ತೆಗೆಯೋಕೂ ಜಾಗ ಇಲ್ಲ."

ಬಟ್ಟೆ ಹೋದರೆ ಮನುಷ್ಯನೂ ಹೋದ ಹಾಗೆಯೇ. ನಮ್ಮೂರಿನಲ್ಲಿ ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟಾಗ ಹೆಂಡತಿ ಹೋಗಿ ಬನ್ನಿ ಎನ್ನುತ್ತಾಳೆ, ಅವನು ಪೂರ್ತಿ ಹೋಗಿ ಪೂರ್ತಿ ಬರುತ್ತಾನೆ. ಬಟ್ಟೆ ಕಟ್ಟಿಕೊಂಡು ಹೊರಟವನಿಗೆ ನಾನು ಏನೆನ್ನಲಿ? ಹೋಗಿ ಬನ್ನಿ ಎಂದರೆ ಅವನ ಉಳಿಕೆಯೂ ನನಗೆ ಉಳಿಯುವುದಿಲ್ಲ. ಎನ್ನದಿದ್ದರೆ ಉಳಿಕೆಯೊಂದೇ ಉಳಿಯುತ್ತದೆ. ನನಗೆ ನನ್ನ ಗಂಡ ಬೇಕಾಗಿತ್ತು. ಅವಳಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅಷ್ಟರಲ್ಲಿ ಕೆಳದಂಡೆಯಲ್ಲಿ ಹಿರಿಯ ಮಗನ ಜೊತೆಗಿದ್ದ ನನ್ನ ಅತ್ತೆ ಫೋನು ಮಾಡಿದವರು, ಮಾತಿನ ನಡುವೆ, ಅಚಲಾ ಯಾರದೋ ಮದುವೆಗೆಂದು ಊರಿಗೆ ಬಂದಿದ್ದಾಳಂತೆ ಎಂದರು. ನನಗೆ ಡ್ರಿಲ್ ಮೇಷ್ಟ್ರ ಕುರ್ಚಿ ನೆನಪಾಯಿತು. ಅವಳನ್ನೇ ಮನೆಗೆ ಕರೆಸುತ್ತೇನೆ, ಬೆಂಚಿನಿಂದ ಹಿಡಿದು ಮಂಚದ ತನಕ ಎಲ್ಲ ಕಡೆ ಕೂರಿಸಿ ಏಳಿಸುತ್ತೇನೆ, ತನ್ನದನ್ನೆಲ್ಲ ತಾನೇ ಬಳಿದುಕೊಂಡು ಹೋಗಲಿ. ಕೂಡಲೆ ಅತ್ತೆಯಿಂದಲೇ ನಂಬರು ಪಡೆದು ಫೋನು ಮಾಡಿ, ಅಚಲಾ ಅವರೇ, ನೀವು ನಮ್ಮ ಮನೆಗೆ ಬರದೆ ಹೋಗಬಾರದು ಎಂದು ಜೇನು ಸುರಿಸಿದೆ. ಕೈಯಲ್ಲಿ ಶರಣಾರ್ತಿ, ಕಂಕುಳಲ್ಲಿ ದೊಣ್ಣೆ. ಆಕೆ ಸಂತೋಷದಿಂದ ಒಪ್ಪಿದರು. ಗಂಡನಿಗೆ ಹೇಳಿದಾಗ ಅವರು ಬಿಸಿ ಬನ್ನು ತರುತ್ತೇನೆ ಎಂದಷ್ಟೇ ಹೇಳಿದರು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಎದುರಿಗೆ ಬರುವವಳು ನನಗಿಂತ ಒಂದು ಗೇಣು ಎತ್ತರವಿರುತ್ತಾಳೆಂದು ಕತ್ತು ಮೇಲೆತ್ತಿಕೊಂಡೇ ಬಾಗಿಲು ತೆಗೆದೆ. ಕಣ್ಣು ಕೆಳಗಿಳಿಸಬೇಕಾಯಿತು. ನನ್ನ ಭುಜಕ್ಕೆ ಬರುವಷ್ಟು ಎತ್ತರದ, ಗುಂಡಗಿನ, ಕೂದಲು ಮೋಟು ಮಾಡಿಸಿಕೊಂಡ ಹೆಂಗಸೊಬ್ಬಳು ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು. ನಕ್ಕಳು. ವಸಡು ಪೂರ್ತಿ ಕಂಡಿತು. ಒಳಗೆ ಬಂದವಳೇ ಸೀನಿದಳು, ಮತ್ತೆ ಸೀನಿದಳು, ಸಂಪಿಗೆ ಇಟ್ಟಿದ್ದೀರಾ, ನನಗೆ ಆ ವಾಸನೆಗೆ ತಲೆನೋವು ಬರುತ್ತದೆ ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಗಲೇ ನನಗೆ ಅರ್ಥವಾಗಬೇಕಿತ್ತು. ಮೊಂಡುತನ ಬಿಡಬೇಕಲ್ಲ.

ಚಂದ್ರಹಾಸ ಬನ್ನಿನ ತಟ್ಟೆ ಹಿಡಿದು ಒಳಗೆ ಬಂದರು. ಇಬ್ಬರೂ ಹಳೆಯ ನೆರೆಹೊರೆಯವರ ಹಾಗೆ ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ ಎಂದುಕೊಂಡರು. ನಾನು ಇಬ್ಬರ ಕಣ್ಣನ್ನೂ ಸೂಜಿಯಿಂದ ಹೆಕ್ಕುವ ಹಾಗೆ ನೋಡಿದೆ. ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೂ ಹೊಟ್ಟೆ ಉರಿಯಿತು. ಕೂತ್ಕೊಳ್ಳಿ, ನಿಮ್ಮ ಜಾಗ ಅಲ್ಲೇ ಇದೆ ಎಂದು ಬೆಂಚು ತೋರಿಸಿದೆ. ಆಕೆ ಅಡ್ಡಡ್ಡ ನಡೆದು ಅಲ್ಲಿಗೆ ಹೋಗಿ ಕೂರಲು ಬಗ್ಗಿದವರು ತಟ್ಟನೆ ನಿಂತರು.

"ಇಲ್ಲಿ ಯಾರೋ ಕೂತಿದ್ದಾರಲ್ರೀ."

"ನೀವೇ ಕೂತಿರೋದು," ಎಂದೆ. "ಧಾರಾಳವಾಗಿ ಕೂತ್ಕೊಳ್ಳಿ."

ಆಕೆ ಮತ್ತೆ ಬಗ್ಗಿದರು. ಆಗಲಿಲ್ಲ. ನಾನು ಮರ್ಯಾದೆ ಬಿಟ್ಟು ಆಕೆಯ ಎರಡೂ ಭುಜ ಹಿಡಿದು ಕೆಳಕ್ಕೆ ಒತ್ತಿದೆ. ತುಂಬಿದ ಬಸ್ಸಿನಲ್ಲಿ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರನ್ನು ಕೂರಿಸಿದ ಹಾಗಾಯಿತೇ ಹೊರತು ಒಂದಕ್ಕೊಂದು ಸೇರಲಿಲ್ಲ. ಗೆಜ್ಜೆ ಸಿಟ್ಟಿನಿಂದ ಘಲ್ಲೆಂದಿತು. ಆಕೆ ನನ್ನ ಕೈ ಬಿಡಿಸಿಕೊಂಡು ಎದ್ದು, ಮೆಲ್ಲಗೆ ಹೇಳಿದರು, "ನಂದಾಗಿದ್ರೆ ನನಗೆ ಗೊತ್ತಾಗಲ್ವೇನಮ್ಮ? ಈಕೆ ನನಗಿಂತ ಉದ್ದ ಇದ್ದಾಳೆ. ಕಾಲಲ್ಲಿ ಗೆಜ್ಜೆ ಬೇರೆ. ನನಗೆ ಬೆಳ್ಳಿ ತಾಗಿದ್ರೆ ಮೈಯೆಲ್ಲ ದದ್ದು ಏಳತ್ತೆ, ಹುಟ್ಟಿದಾಗಿಂದ ಗೆಜ್ಜೆ ಕಂಡಿಲ್ಲ ಈ ಕಾಲು."

ಆಕೆ ಕಾಲುಮಣೆಯನ್ನು ಎಳೆದುಕೊಂಡು ಅದರ ಮೇಲೆ ಕೂತು, ಬನ್ನು ಮುರಿದು ಬಾಯಿಗಿಟ್ಟುಕೊಂಡು ಮುಂದುವರಿಸಿದರು. "ನನ್ನನ್ನ ನಿಮ್ಮ ಯಜಮಾನರು ಅವತ್ತೇ ಕಳಿಸಿದ್ರು. ಚೌಕಟ್ಟಿಗೆ ಕೈಯಿಟ್ಟು, ಒಂದು ಸಲ ಅಲ್ಲ, ಸಾಲದು ಅಂತ ಮತ್ತೂ ಹೇಳಿ. ಒಂಚೂರಾದರೂ ಉಳಿಸ್ಕೊಳ್ಳಬಾರದಾ ಈ ಮನುಷ್ಯ ಅಂತ ದೋಣಿ ತುಂಬ ಅತ್ಕೊಂಡು ಹೋದೆ ನಾನು. ನನ್ನದು ಇಲ್ಲಿ ಏನೂ ಇಲ್ಲಮ್ಮ."

ಆಮೇಲೆ ಮಾತು ಬೇರೆ ಕಡೆ ಹೊರಳಿತು. ಆಕೆಯ ಮಗನ ಓದು, ಬೇಕರಿಯ ಮೈದಾ, ಮದುವೆಮನೆಯ ಉಪ್ಪಿಲ್ಲದ ಸಾರು. ಕಡಲೆಕಾಯಿ ಕೊಟ್ಟೆ, ಸಿಪ್ಪೆಯನ್ನೆಲ್ಲ ಕೆಳಗೆ ಹಾಕಿದರು. ಹೊರಟಾಗ ನಾನೇ ಬಾಗಿಲನ್ನು ಅಗಲಕ್ಕೆ ತೆಗೆದು, ಚೌಕಟ್ಟಿಗೆ ಕೈಯಿಟ್ಟು, ಅಚಲಾ ಅವರೇ, ಹೋಗಿ ಬನ್ನಿ ಎಂದೆ. ಮನಸ್ಸಿಟ್ಟು ಹೇಳಿದೆ. ಆಕೆ ಪೂರ್ತಿ ಹೋದರು. ಮಣೆಯನ್ನು ಕಾಲಿನಿಂದ ಮುಟ್ಟಿ ನೋಡಿದೆ, ಬರೀ ಮಣೆ.

ಬೆಂಚಿನ ಮೇಲಿನವಳು ಕಾಲು ಅಲ್ಲಾಡಿಸುತ್ತಲೇ ಇದ್ದಳು. ಉಯ್ಯಾಲೆಯವಳು, ಕನ್ನಡಿಯವಳು, ಮಂಚದವಳು, ಎಲ್ಲರೂ ಘಲ್ ಘಲ್. ಚಂದ್ರಹಾಸ ಖಾಲಿ ತಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು. ಒಳಗೆ ಬರಲು ಜಾಗವಿರಲಿಲ್ಲ, ಹೊರಗೆ ಹೋಗಲು ಮನಸ್ಸಿರಲಿಲ್ಲ.

"ಹಾಗಾದ್ರೆ ಇವಳನ್ನ ಕರೆದಿದ್ಯಾರು, ನೀಲಾ?" ಎಂದು ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ.

ಮೊದಲು ಹಿಡಿದವರು ಯಾರು ಎಂದು ನೋಡಬೇಕು ಎಂದು ಸಾದಿಕ್‌ಗೆ ಪಾಠ ಹೇಳಿದ ಬಾಯಿ ನನ್ನದೇ. ಉದ್ದ ಜಡೆ ಹೆಣೆದವಳು ನಾನು, ಸಂಪಿಗೆ ಮುಡಿಸಿದವಳು ನಾನು, ಗೆಜ್ಜೆ ಕಟ್ಟಿದವಳೂ ನಾನೇ. ದಿನಕ್ಕೆ ಎಷ್ಟೋ ಸಲ ಮನಸ್ಸಿನಲ್ಲಿ ಕರೆದಿದ್ದೆ, ಪ್ರತಿ ಸಲವೂ ಒಬ್ಬಳು ಬಂದಿದ್ದಳು, ಒಬ್ಬಳನ್ನೂ ಕಳಿಸಿರಲಿಲ್ಲ. ಗಂಡನನ್ನು ಸರಿಸಿ ಚೌಕಟ್ಟಿಗೆ ಕೈಯಿಟ್ಟು, ಅಚಲಾ ಹೋಗಿ ಬಾ ಎಂದೆ. ಯಾರೂ ಅಲುಗಲಿಲ್ಲ. ಅಲುಗುವುದಾದರೂ ಹೇಗೆ, ಅಚಲಾ ಆಗಲೇ ದೋಣಿ ಹತ್ತಿರ ಹೋಗಿದ್ದರು. ಗೆಜ್ಜೆಯವಳೇ ಎಂದೆ. ಸಂಪಿಗೆಯವಳೇ ಎಂದೆ. ಹೋಲುವ ಹೆಸರುಗಳೆಲ್ಲ ಮುಗಿದವು. ಉಳಿದಿದ್ದು ಒಂದು, ಆ ಸಂಜೆ ದೀಪ ಹಚ್ಚುವಾಗ ಇಟ್ಟ ಹೆಸರು.

ನೀವು ಸ್ವಲ್ಪ ಆಚೆ ಹೋಗಿ ಎಂದು ಗಂಡನಿಗೆ ಹೇಳಿದೆ. ಅವರಿಗೆ ಏನನ್ನಿಸಿತೋ, ಹೋಗಲಿಲ್ಲ. ಬಟ್ಟೆ ಕಟ್ಟಿಕೊಂಡು ಹೋಗುವುದಾಗಿ ಹೇಳಿದ್ದ ಮನುಷ್ಯ, ನಾನೇ ಹೋಗಿ ಎಂದಾಗ ಹೊಸ್ತಿಲು ಬಿಟ್ಟು ಕದಲಲಿಲ್ಲ. ಎಂಥ ಗಳಿಗೆಯಲ್ಲಿ ಹಟ ಮಾಡುತ್ತಾರೆ ನೋಡಿ. ಅವರ ಮುಂದೆ ಹೇಳುವುದಕ್ಕಿಂತ ನದಿಗೆ ಬೀಳುವುದು ವಾಸಿ ಎನ್ನಿಸಿತು. ಆದರೆ ನದಿಗೆ ಬಿದ್ದರೆ ಈ ಮನೆ ಇವಳದೇ ಆಗುತ್ತದಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು. ಆ ಹೊಟ್ಟೆಕಿಚ್ಚೇ ನನಗೆ ಧೈರ್ಯ ಕೊಟ್ಟಿತು. ಕಣ್ಣು ಮುಚ್ಚಿಕೊಂಡೆ.

"ನನಗಿಂತ ಚೆನ್ನಾಗಿರೋಳೇ," ಎಂದೆ. "ಹೋಗಿ ಬಾ."

ಬೆಂಚು ಕಿರ್ ಎಂದಿತು. ಗೆಜ್ಜೆಯ ಸದ್ದು ಎದ್ದು ನಿಂತು, ನನ್ನ ಪಕ್ಕದಿಂದ ಹಾದು, ಮೆಟ್ಟಿಲಿಳಿಯಿತು. ಅವಳ ಹಿಂದೆ ಉಯ್ಯಾಲೆಯವಳು, ಅಡುಗೆಮನೆಯವಳು, ಮಂಚದವಳು. ಕನ್ನಡಿಯವಳು ಹೊರಡುವ ಮುಂಚೆ ಸ್ವಲ್ಪ ತಡೆದಳು, ಬೈತಲೆ ಸರಿಮಾಡಿಕೊಂಡಳೋ ಏನೋ. ಪ್ರತಿಯೊಬ್ಬಳಿಗೂ ನಾನು ಅದೇ ಹೆಸರು ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಹೇಳಿದೆ. ಚಂದ್ರಹಾಸ ತಟ್ಟೆಯನ್ನು ಎದೆಗೆ ಅವಚಿಕೊಂಡು ಗೋಡೆಗೊತ್ತಿ ನಿಂತು ದಾರಿ ಬಿಟ್ಟರು. ಅವರ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಕಿಟಕಿಯ ಬಿಸಿಲು ಎಷ್ಟೋ ತಿಂಗಳ ಮೇಲೆ ಬೆಂಚಿನ ಮೇಲೆ ಉದ್ದಕ್ಕೆ ಬಿತ್ತು. ಗಾಳಿ ಬಾಗಿಲಿನಿಂದ ಒಲೆಯ ತನಕ ಯಾರನ್ನೂ ಮುಟ್ಟದೆ ಹೋಯಿತು.

ಎಲ್ಲ ಮುಗಿಯಿತೆಂದು ಬಾಗಿಲು ಮುಂದೆ ಮಾಡಲು ಹೋದೆ. ಆಗ ನನ್ನ ತವರಿನ ಟ್ರಂಕು ಇಟ್ಟಿದ್ದ ಮೂಲೆಯಿಂದ ಇನ್ನೊಂದು ಗೆಜ್ಜೆಯ ಸದ್ದು ಬಂತು. ಸಣ್ಣದು, ಅಪ್ಪ ಅಕ್ಕನಿಗೆ ತಂದ ಗೆಜ್ಜೆಯದೇ ಸದ್ದು. ಪುಟ್ಟ ಹೆಜ್ಜೆಗಳು, ಎಂಟೋ ಒಂಬತ್ತೋ ವರ್ಷದ ಹುಡುಗಿಯ ಹೆಜ್ಜೆಗಳು, ಕಾಲು ಎಳೆಯದೆ ನೆಟ್ಟಗೆ ನಡೆಯುವವಳದು. ನನ್ನ ಸೊಂಟದ ಎತ್ತರಕ್ಕೆ ಬಂದು ನಿಂತಿತು.

"ಇದು ಯಾರು?" ಎಂದು ಚಂದ್ರಹಾಸ ಪಿಸುಗುಟ್ಟಿದರು.

"ನಿಮ್ಮ ಮನೇದಲ್ಲ," ಎಂದೆ. "ಇದು ನಾನು ಬರ್ತಾ ತಂದದ್ದು."

ಮತ್ತೆ ಚೌಕಟ್ಟಿಗೆ ಕೈಯಿಟ್ಟೆ. ಈ ಸಲ ಹೆಸರು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು. ಅಲ್ಲಿಯ ತನಕ ನನ್ನ ಗಂಡ ಒಳಗೆ ಹೋಗಿ, ಕಿಟಕಿಯ ಪಕ್ಕದ ಬೆಂಚಿನ ಒಂದು ತುದಿಯಲ್ಲಿ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ ಕಾಯುತ್ತಿದ್ದರು.